ರಸ್ತೆ ಎಲ್ಲರದ್ದು: ಬೀದರ್, ಭಾಲ್ಕಿ, ಔರಾದ್‌ನ ಬೈಕ್ ಸವಾರರ ಸುರಕ್ಷತೆಯ ಪ್ರಶ್ನೆ

ರಸ್ತೆ ಅಪಘಾತದಲ್ಲಿ ಬೈಕ್ ಸವಾರ ಸಾವು ಎಂಬ ಸುದ್ದಿ ಇಲ್ಲದ ದಿನಪತ್ರಿಕೆ ಇಂದು ಅಪರೂಪ. ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು ಪ್ರಕಟವಾಗುತ್ತದೆ, ಓದುತ್ತೇವೆ, ಪುಟ ತಿರುಗಿಸುತ್ತೇವೆ. ಆದರೆ ಆ ನಾಲ್ಕು ಸಾಲುಗಳ ಹಿಂದೆ ಒಂದು ಮನೆ ಇರುತ್ತದೆ. ಅಲ್ಲಿ ದುಡಿಯುವ ಕೈ ಬಹುತೇಕ ಒಂದೇ ಆಗಿರುತ್ತದೆ.

ಕರಾವಳಿಯ ಅನೇಕ ಧರ್ಮಗುರುಗಳು, ಧರ್ಮಭಗಿನಿಯರು ಹಾಗೂ ಶಿಕ್ಷಕರು ರಾಜ್ಯದ ಉತ್ತರದ ಜಿಲ್ಲೆಗಳಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ಧರ್ಮಪ್ರಾಂತ್ಯದ ವ್ಯಾಪ್ತಿಯಲ್ಲಿರುವ ಬೀದರ್ ಜಿಲ್ಲೆಯೂ ಅಂಥ ಸೇವಾಕ್ಷೇತ್ರ. ಅಲ್ಲಿ ಹಳ್ಳಿಯಿಂದ ಹಳ್ಳಿಗೆ ಹೋಗುವ ಕಾರ್ಯಕರ್ತನಿಗೂ, ಹೊಲಕ್ಕೆ ಹೋಗುವ ರೈತನಿಗೂ, ಕಾಲೇಜಿಗೆ ಹೋಗುವ ವಿದ್ಯಾರ್ಥಿಗೂ ಬೈಕೇ ವಾಹನ. ಆದುದರಿಂದ ಈ ಬಾರಿ ನಾವು ಬೀದರ್ ನಗರ, ಭಾಲ್ಕಿ ಮತ್ತು ಔರಾದ್ ರಸ್ತೆಗಳನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸಲು ಬಯಸುತ್ತೇವೆ.

ಅಂಕಿ ಅಂಶಗಳು ಏನು ಹೇಳುತ್ತವೆ?

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ 4,61,312 ಅಪಘಾತಗಳು ನಡೆದು 1,68,491 ಮಂದಿ ಮೃತಪಟ್ಟರು. ಕರ್ನಾಟಕದಲ್ಲಿ ಮೃತಪಟ್ಟವರು 11,702 ಮಂದಿ. ದೇಶದಲ್ಲಿ ಸತ್ತವರ ಪೈಕಿ 74,897 ಮಂದಿ, ಅಂದರೆ ಶೇಕಡಾ 44.5ರಷ್ಟು, ದ್ವಿಚಕ್ರ ವಾಹನದಲ್ಲಿದ್ದವರು. ಇನ್ನೂ 32,825 ಮಂದಿ ಪಾದಚಾರಿಗಳು. ಇವೆರಡನ್ನೂ ಕೂಡಿಸಿದರೆ ಸತ್ತ ಮೂವರಲ್ಲಿ ಸುಮಾರು ಇಬ್ಬರು ಸುತ್ತ ಕಬ್ಬಿಣದ ಗೋಡೆಯಿಲ್ಲದೆ ರಸ್ತೆಯಲ್ಲಿದ್ದವರು.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಒಟ್ಟು ಸಾವುಗಳಲ್ಲಿ ಸುಮಾರು ಶೇಕಡಾ 68ರಷ್ಟು ಗ್ರಾಮೀಣ ಪ್ರದೇಶದಲ್ಲಿ ಸಂಭವಿಸಿವೆ. ಅಪಘಾತವೆಂದರೆ ಬೆಂಗಳೂರಿನ ಗದ್ದಲದ ಸಮಸ್ಯೆ ಎಂಬ ನಮ್ಮ ತಿಳುವಳಿಕೆ ಸರಿಯಲ್ಲ. ಖಾಲಿಯಾಗಿ ಕಾಣುವ ಹಳ್ಳಿಯ ರಸ್ತೆಯೇ ಹೆಚ್ಚು ಪ್ರಾಣ ತೆಗೆದುಕೊಳ್ಳುತ್ತಿದೆ. ಏಕೆ ಎಂಬುದಕ್ಕೆ ಬೀದರ್ ಜಿಲ್ಲೆಯ ರಸ್ತೆಗಳಲ್ಲಿ ಉತ್ತರ ಸಿಗುತ್ತದೆ.

ಖಾಲಿ ರಸ್ತೆಯ ಮೋಸ

ಕರಾವಳಿಯ ರಸ್ತೆಗಳು ತಿರುವು, ಏರಿಳಿತ, ಮಳೆ ಮತ್ತು ಬಸ್ಸುಗಳಿಂದ ತುಂಬಿವೆ. ಅಲ್ಲಿ ಸವಾರನಿಗೆ ಅಪಾಯ ಕಣ್ಣೆದುರೇ ಕಾಣುತ್ತದೆ. ಬೀದರ್ ಸೀಮೆಯಲ್ಲಿ ಹಾಗಲ್ಲ. ನಗರದಿಂದ ಭಾಲ್ಕಿಗೂ ಔರಾದ್‌ಗೂ ತಲಾ ಸುಮಾರು 40 ಕಿ.ಮೀ. ದೂರ. ಎರಡೂ ಕಡೆ ಬಯಲು ಹೊಲ, ಅಲ್ಲೊಂದು ಇಲ್ಲೊಂದು ಊರು, ಉದ್ದಕ್ಕೆ ಚಾಚಿದ ರಸ್ತೆ. ಭಾಲ್ಕಿ ದಾಟಿದರೆ ಉದಗೀರ, ನಿಲಂಗಾ ಕಡೆಗೆ, ಔರಾದ್ ದಾಟಿದರೆ ನಾಂದೇಡ್ ಕಡೆಗೆ ಮಹಾರಾಷ್ಟ್ರದ ವಾಹನಗಳು ಓಡಾಡುತ್ತವೆ. ರಸ್ತೆ ಖಾಲಿ ಕಂಡಾಗ ಯುವಕರ ಕೈ ತಾನಾಗಿಯೇ ಎಕ್ಸಲೇಟರ್ ತಿರುಗಿಸುತ್ತದೆ.

ಆದರೆ ಈ ರಸ್ತೆ ನಿಜವಾಗಿ ಖಾಲಿ ಇರುವುದಿಲ್ಲ. ಅದು ಊರಿನ ಅಂಗಳವೂ ಹೌದು, ರೈತನ ಕಣವೂ ಹೌದು, ಕುರಿಯ ದಾರಿಯೂ ಹೌದು. ವರ್ಷದ ಪ್ರತಿ ಕಾಲದಲ್ಲೂ ಅದರ ಮೇಲಿನ ಅಪಾಯ ಬದಲಾಗುತ್ತದೆ.

ಮುಂಗಾರಿನಲ್ಲಿ ಹೊಲದಿಂದ ಬರುವ ಟ್ರ್ಯಾಕ್ಟರ್ ಚಕ್ರಗಳು ಎರೆ ಮಣ್ಣನ್ನು ಡಾಂಬರಿನ ಮೇಲೆ ತಂದು ಹಾಕುತ್ತವೆ. ಒಂದು ಹನಿ ಮಳೆ ಬಿದ್ದರೆ ಆ ಮಣ್ಣು ಸಾಬೂನಿನಂತೆ ಜಾರುತ್ತದೆ. ಎರೆ ಭೂಮಿ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ರಸ್ತೆಯ ಮೈಯೂ ಅಲೆಯಂತೆ ಏರಿಳಿಯುತ್ತದೆ. ವೇಗದಲ್ಲಿರುವ ಬೈಕು ಇಂಥಲ್ಲಿ ಹಿಡಿತ ತಪ್ಪುವುದು ಸುಲಭ.

ಮುಂಗಾರು ಮುಗಿಯುತ್ತಿದ್ದಂತೆ ಸೋಯಾ, ನಂತರ ತೊಗರಿ ರಾಶಿಯ ಕಾಲ. ಮನೆಯ ಹತ್ತಿರ ಕಣವಿಲ್ಲದ ರೈತ ರಸ್ತೆಯ ಅರ್ಧ ಭಾಗದಲ್ಲಿ ಕಾಳು ಒಣಗಿಸುತ್ತಾನೆ. ವಾಹನ ಹಾಯದಂತೆ ಸುತ್ತ ಕಲ್ಲು ಇಡುತ್ತಾನೆ. ಸಂಜೆ ಕಾಳು ಮನೆಗೆ ಹೋಗುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ರಾತ್ರಿ ಬರುವ ಸವಾರನಿಗೆ ಆ ಕಲ್ಲು ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಹೊಟ್ಟು, ಕಾಳು ಹರಡಿರುವಲ್ಲಿ ಬ್ರೇಕ್ ಒತ್ತಿದರೆ ಚಕ್ರ ಜಾರುವುದು ಖಂಡಿತ. ಅಂಥಲ್ಲಿ ಮೊದಲೇ ವೇಗ ಇಳಿಸಿ, ಹ್ಯಾಂಡಲ್ ನೇರವಾಗಿಟ್ಟು, ಬ್ರೇಕ್ ಮುಟ್ಟದೆ ದಾಟುವುದೇ ಸರಿ.

ಚಳಿಗಾಲ ಬಂದಂತೆ ಕಬ್ಬಿನ ಹಂಗಾಮು. ಭಾಲ್ಕಿ ಹಾಗೂ ಬೀದರ್ ತಾಲ್ಲೂಕುಗಳ ಸಕ್ಕರೆ ಕಾರ್ಖಾನೆಗಳ ಕಡೆಗೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ರಾತ್ರಿಯಿಡೀ ಸಾಗುತ್ತವೆ. ಟ್ರೇಲರ್‌ನ ಎರಡು ಬದಿಗೂ ಕಬ್ಬು ಚಾಚಿರುತ್ತದೆ. ಹಿಂದೆ ಕೆಂಪು ದೀಪವೂ ಇರುವುದಿಲ್ಲ, ಹೊಳೆಯುವ ರಿಫ್ಲೆಕ್ಟರ್ ಪಟ್ಟಿಯೂ ಇರುವುದಿಲ್ಲ. ಚಕ್ರ ಪಂಕ್ಚರ್ ಆದರೆ ಟ್ರೇಲರನ್ನು ರಸ್ತೆಯ ಮೇಲೆಯೇ ಬಿಟ್ಟು ಚಾಲಕ ಊರಿಗೆ ಹೋಗುವುದೂ ಉಂಟು. ಎತ್ತಿನ ಗಾಡಿಗಳದ್ದೂ ಇದೇ ಸ್ಥಿತಿ. ಬೆಳಗಿನ ಜಾವ ಮಂಜು ಬೇರೆ.

ಶಿವರಾತ್ರಿಯ ಸುಮಾರಿಗೆ ಔರಾದ್‌ನ ಅಮರೇಶ್ವರ ಜಾತ್ರೆ, ನಂತರ ಮದುವೆಗಳ ಕಾಲ. ಆಗ ಒಂದೇ ಬೈಕಿನಲ್ಲಿ ಮೂವರು, ನಾಲ್ವರು. ಕ್ರೂಸರ್, ಟಂಟಂಗಳಲ್ಲಿ ಹೊರಗೆ ಜೋತುಬಿದ್ದ ಜನ. 2022ರ ನವೆಂಬರ್ 4ರ ಸಂಜೆ ಚಿಟಗುಪ್ಪ ತಾಲ್ಲೂಕಿನ ಬೇಮಳಖೇಡ ಬಳಿ ಆಟೋ ಮತ್ತು ಲಾರಿ ಡಿಕ್ಕಿಯಾಗಿ ಕೂಲಿ ಕೆಲಸ ಮುಗಿಸಿ ಮರಳುತ್ತಿದ್ದ 7 ಮಹಿಳೆಯರು ಪ್ರಾಣ ಕಳೆದುಕೊಂಡದ್ದನ್ನು ಈ ಜಿಲ್ಲೆ ಮರೆತಿಲ್ಲ. ದುಡಿಯುವ ಬಡವರಿಗೆ ಸುರಕ್ಷಿತ ವಾಹನವೇ ಸಿಗದಿರುವಾಗ ರಸ್ತೆಯ ಮೇಲೆ ಅವರ ಜೀವ ಎಷ್ಟು ಅಗ್ಗ ಎಂಬುದನ್ನು ಆ ಘಟನೆ ತೋರಿಸಿತು.

ಬೀದರ್ ನಗರದೊಳಗಿನ ಸಮಸ್ಯೆ ಬೇರೆ. ಹಳೆಯ ಕೋಟೆ ಊರಿನ ಬೀದಿಗಳು ಬಹಮನಿ ಕಾಲದವು. ಚೌಬಾರಾದ ಸುತ್ತ, ಹಳೆಯ ದರವಾಜೆಗಳ ಬಳಿ ಆಟೋ, ತಳ್ಳುಗಾಡಿ, ಶಾಲಾ ಮಕ್ಕಳು, ಬೈಕು ಎಲ್ಲವೂ ಒಂದೇ ಕಿರಿದಾದ ದಾರಿಯಲ್ಲಿ. ಹೊಸ ಬಡಾವಣೆಗಳ ಅಗಲ ರಸ್ತೆಯಲ್ಲಿ ವಿಭಜಕವಿದ್ದರೂ, ಅರ್ಧ ಫರ್ಲಾಂಗು ಮುಂದೆ ಹೋಗಿ ತಿರುಗುವ ಬದಲು ಎದುರು ದಿಕ್ಕಿನಲ್ಲೇ ಬರುವ ಸವಾರರು ಕಡಿಮೆಯಿಲ್ಲ. ಇದು ನಮ್ಮ ಮಂಗಳೂರು, ಉಡುಪಿಗಳಲ್ಲೂ ಹೊಸತೇನಲ್ಲ.

ಕಾಣುವುದು, ಕಾಣಿಸಿಕೊಳ್ಳುವುದು

ಮೇಲೆ ಹೇಳಿದ ಎಲ್ಲ ಅಪಾಯಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಈ ರಸ್ತೆಗಳಲ್ಲಿ ಹೆಚ್ಚಿನ ಸಾವುಗಳಿಗೆ ದಾರಿಯಾಗುವುದು ಒಬ್ಬರನ್ನೊಬ್ಬರು ಸಕಾಲದಲ್ಲಿ ಕಾಣದಿರುವುದು. ವೇಗ ಅಪಾಯಕಾರಿಯಾಗುವುದೂ ಇದೇ ಕಾರಣಕ್ಕೆ.

ಸರಳ ಲೆಕ್ಕ ಹಾಕೋಣ. ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ಬೈಕು ಒಂದು ಸೆಕೆಂಡಿಗೆ 11 ಮೀಟರ್ ಕ್ರಮಿಸುತ್ತದೆ. ಅಡ್ಡಿಯನ್ನು ಕಂಡು ಬ್ರೇಕ್ ಒತ್ತಲು ಸುಮಾರು ಒಂದು ಸೆಕೆಂಡ್ ಬೇಕು. ಒಣ, ಒಳ್ಳೆಯ ರಸ್ತೆಯಲ್ಲಿ ಬೈಕು ನಿಲ್ಲಲು ಒಟ್ಟು ಸುಮಾರು 21 ಮೀಟರ್ ಬೇಕಾಗುತ್ತದೆ. ವೇಗ 60 ಆದರೆ ಅದು ಸುಮಾರು 40 ಮೀಟರ್. ವೇಗ ಒಂದೂವರೆ ಪಟ್ಟು ಹೆಚ್ಚಿದರೆ ನಿಲ್ಲುವ ದೂರ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಡಿಮ್ ದೀಪದಲ್ಲಿ, ಎದುರು ವಾಹನದ ಬೆಳಕು ಕಣ್ಣಿಗೆ ಹೊಡೆಯುವಾಗ, ದೀಪವಿಲ್ಲದ ಕಬ್ಬಿನ ಟ್ರೇಲರ್ 40 ಮೀಟರ್ ದೂರದಿಂದ ಕಾಣುತ್ತದೆಯೇ? ಕಾಣುವುದು ಕಷ್ಟ. ಅಂದರೆ ರಾತ್ರಿ 60ರಲ್ಲಿ ಹೋಗುವ ಸವಾರ ತನಗೆ ಕಾಣದ ಜಾಗಕ್ಕೆ ನುಗ್ಗುತ್ತಿರುತ್ತಾನೆ. ನಮ್ಮ ದೀಪದ ಬೆಳಕು ಬಿದ್ದಷ್ಟು ದೂರದೊಳಗೆ ನಿಲ್ಲಿಸಲು ಆಗುವಷ್ಟೇ ವೇಗ ನಮ್ಮದಾಗಿರಬೇಕು. ಇದನ್ನು ಪ್ರತಿಯೊಬ್ಬ ತಂದೆ ತಾಯಿ ಮಗನಿಗೆ ಹೇಳಿಕೊಡಬೇಕು.

ಮುಂದಿನ ಬ್ರೇಕ್ ಒತ್ತಿದರೆ ಬೈಕು ಪಲ್ಟಿಯಾಗುತ್ತದೆ ಎಂಬ ಹೆದರಿಕೆಯಿಂದ ಹಲವರು ಹಿಂದಿನ ಬ್ರೇಕನ್ನಷ್ಟೇ ಬಳಸುತ್ತಾರೆ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಬರುವುದರಿಂದ ಬೈಕನ್ನು ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಬ್ರೇಕಿನದ್ದೇ. ಎರಡನ್ನೂ ಒಟ್ಟಿಗೆ, ಹದವಾಗಿ ಒತ್ತುವುದನ್ನು ಕಲಿಯಬೇಕು. 2019ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ 125 ಸಿಸಿಗಿಂತ ಮೇಲಿನವುಗಳಿಗೆ ಎಬಿಎಸ್, ಅದಕ್ಕಿಂತ ಚಿಕ್ಕವುಗಳಿಗೆ ಎರಡೂ ಬ್ರೇಕ್ ಜೊತೆಯಾಗಿ ಹಿಡಿಯುವ ವ್ಯವಸ್ಥೆ ಕಡ್ಡಾಯವಾಯಿತು. ಹಳೆಯ ಗಾಡಿಗಳಲ್ಲಿ ಇದು ಇಲ್ಲ ಎಂಬುದನ್ನು ನೆನಪಿಡಬೇಕು.

ಕಾಣಿಸಿಕೊಳ್ಳುವುದೂ ಅಷ್ಟೇ ಮುಖ್ಯ. 2017ರ ಏಪ್ರಿಲ್‌ನಿಂದ ತಯಾರಾದ ಬೈಕುಗಳಲ್ಲಿ ಹಗಲಿನಲ್ಲೂ ಮುಂದಿನ ದೀಪ ಉರಿಯುತ್ತಲೇ ಇರುತ್ತದೆ. ಅನೇಕರು ಬ್ಯಾಟರಿ ಹಾಳಾಗುತ್ತದೆಂದು ಅದಕ್ಕೆ ಸ್ವಿಚ್ ಹಾಕಿಸಿ ಆರಿಸುತ್ತಾರೆ. ಆ ದೀಪ ಇರುವುದು ಎದುರಿನವರಿಗೆ ನಾವು ಕಾಣಲೆಂದು. ಹಾಗೆಯೇ ಟ್ರ್ಯಾಕ್ಟರ್ ಟ್ರೇಲರ್‌ಗೆ, ಎತ್ತಿನ ಗಾಡಿಗೆ, ಸೈಕಲ್‌ಗೆ ಹಚ್ಚುವ ರಿಫ್ಲೆಕ್ಟರ್ ಪಟ್ಟಿಯ ಬೆಲೆ ಒಂದು ಹೊತ್ತಿನ ಊಟದ ಬೆಲೆಗಿಂತ ಹೆಚ್ಚೇನಲ್ಲ. ಅದಿಲ್ಲದೆ ಹೋಗುವ ಜೀವಕ್ಕೆ ಬೆಲೆ ಕಟ್ಟಲಾಗದು.

ಹಂಚಿಕೊಳ್ಳುವುದೆಂದರೆ ಸವಾರನೂ ಇನ್ನೊಬ್ಬರಿಗೆ ಅಪಾಯವಾಗಬಲ್ಲ ಎಂದು ಒಪ್ಪಿಕೊಳ್ಳುವುದು. ಲಾರಿಯ ಮುಂದೆ ಬೈಕು ದುರ್ಬಲ, ನಿಜ. ಆದರೆ ರಸ್ತೆ ದಾಟುವ ಅಜ್ಜಿಯ ಮುಂದೆ, ಶಾಲೆಯಿಂದ ಓಡಿಬರುವ ಮಗುವಿನ ಮುಂದೆ ಬೈಕೇ ಲಾರಿ. ಲಾರಿ ಚಾಲಕನಿಂದ ನಾವು ನಿರೀಕ್ಷಿಸುವ ತಾಳ್ಮೆಯನ್ನು ಊರೊಳಗೆ ನಡೆದುಹೋಗುವವರಿಗೆ ನಾವೂ ತೋರಬೇಕಲ್ಲವೇ?

ಹೆಲ್ಮೆಟ್ ಪೊಲೀಸರಿಗಾಗಿಯೇ?

2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಧರಿಸದೆ ಸತ್ತವರು 50,029 ಮಂದಿ. ಇವರಲ್ಲಿ 14,337 ಮಂದಿ ಹಿಂದೆ ಕುಳಿತವರು. ಹೆಲ್ಮೆಟ್ ಧರಿಸಿದರೆ ಸಾವಿನ ಸಂಭವ ಸುಮಾರು ಶೇಕಡಾ 42ರಷ್ಟೂ ತಲೆಗೆ ಪೆಟ್ಟಾಗುವ ಸಂಭವ ಶೇಕಡಾ 69ರಷ್ಟೂ ಕಡಿಮೆಯಾಗುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಕಂಡುಕೊಂಡ ಸತ್ಯ.

ಕಾನೂನು ಹೊಸದಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಹೆಲ್ಮೆಟ್ ನಿಯಮವಿದೆ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಕಡ್ಡಾಯ. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ತಿದ್ದುಪಡಿ ಜಾರಿಗೆ ಬಂದಾಗ ದಂಡ 1,000 ರೂಪಾಯಿ ಆಯಿತು, ಅದೇ ತಿಂಗಳು ರಾಜ್ಯ ಸರಕಾರ ಅದನ್ನು 500ಕ್ಕೆ ಇಳಿಸಿತು. ನೆರೆಯ ಕಲಬುರಗಿ ನಗರದಲ್ಲಿ 2019ರಲ್ಲಿ ಹೆಲ್ಮೆಟ್ ಇಲ್ಲದವರಿಗೆ ಪೆಟ್ರೋಲ್ ಇಲ್ಲ ಎಂಬ ಕ್ರಮವನ್ನೂ ಪೊಲೀಸರು ತಂದರು. ಇಂಥ ಕ್ರಮಗಳಿಂದ ಕೆಲವು ದಿನ ಹೆಲ್ಮೆಟ್ ತಲೆಗೇರುತ್ತದೆ. ತಪಾಸಣೆ ನಿಂತೊಡನೆ ಕನ್ನಡಿಗೆ ತೂಗುತ್ತದೆ ಅಥವಾ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರುತ್ತದೆ.

ಕಾರಣ, ಹೆಲ್ಮೆಟ್ಟನ್ನು ನಾವು ಪೊಲೀಸರ ಕಾಟದಿಂದ ಪಾರಾಗುವ ಸಾಧನವೆಂದು ತಿಳಿದಿದ್ದೇವೆ. ಬೀದರ್‌ನ ಬೇಸಿಗೆಯಲ್ಲಿ ಹೆಲ್ಮೆಟ್ ಹಾಕುವುದು ಕಷ್ಟ ಎಂಬ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಆ ಬಿಸಿಲಿನಲ್ಲಿ ತಲೆಗೆ ಟವೆಲ್ ಸುತ್ತಿಕೊಳ್ಳುವವರು ಅದೇ ತೆಳು ಬಟ್ಟೆಯ ಮೇಲೆ ಗಾಳಿಯಾಡುವ ಹೆಲ್ಮೆಟ್ ಧರಿಸಬಹುದಲ್ಲ. ಹೊಲಕ್ಕೆ ಹೋಗಿಬರಲು ಹೆಲ್ಮೆಟ್ ಏಕೆ ಎಂಬ ಪ್ರಶ್ನೆಗೂ ಉತ್ತರವಿದೆ: ನೆಲದ ಗಟ್ಟಿತನಕ್ಕೆ ಮನೆ ಹತ್ತಿರ, ದೂರ ಎಂಬ ಭೇದವಿಲ್ಲ.

2021ರ ಜೂನ್ 1ರಿಂದ ಐಎಸ್‌ಐ ಮುದ್ರೆಯಿಲ್ಲದ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ನಿಷಿದ್ಧ. ರಸ್ತೆ ಬದಿಯ ಅರ್ಧ ಟೋಪಿ ಕಿವಿಯನ್ನೂ ಕಾಪಾಡದು, ಹಣೆಯನ್ನೂ ಕಾಪಾಡದು. ಗಲ್ಲದ ಪಟ್ಟಿ ಬಿಗಿಯದಿದ್ದರೆ ಒಳ್ಳೆಯ ಹೆಲ್ಮೆಟ್ ಕೂಡ ಮೊದಲ ಪೆಟ್ಟಿಗೇ ಹಾರಿಹೋಗುತ್ತದೆ. ಪುಟ್ಟ ಮಕ್ಕಳನ್ನು ಟ್ಯಾಂಕಿನ ಮೇಲೆ ಕೂರಿಸುವ ರೂಢಿಯ ಬಗ್ಗೆಯೂ ಯೋಚಿಸಬೇಕು. 2023ರ ಫೆಬ್ರವರಿಯಿಂದ 4 ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್, ಸವಾರನಿಗೆ ಕಟ್ಟುವ ಸುರಕ್ಷಾ ಪಟ್ಟಿ ಮತ್ತು ಗಂಟೆಗೆ 40 ಕಿ.ಮೀ. ವೇಗಮಿತಿ ಕಡ್ಡಾಯ. ಸೀರೆ, ದುಪಟ್ಟಾ ಚಕ್ರಕ್ಕೆ ಸಿಲುಕದಂತೆ ಹಿಂಬದಿ ಚಕ್ರಕ್ಕೆ ರಕ್ಷಣೆ ಇರಬೇಕೆಂದೂ ನಿಯಮವಿದೆ. ಅಂದಕ್ಕಾಗಿ ಅದನ್ನು ಕಳಚಿಸುವ ಯುವಕರು ಹಿಂದೆ ಕೂರುವ ತಾಯಿಯನ್ನು, ತಂಗಿಯನ್ನು ನೆನೆಯಬೇಕು.

ಒಂದು ಸಾವು, ಅನಂತರದ ಸಾಲ

ಅಪಘಾತದ ಹಣಕಾಸಿನ ಮುಖವನ್ನು ನಾವು ಮಾತಾಡುವುದು ಕಡಿಮೆ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕು ಕೊಳ್ಳುವಾಗ 5 ವರ್ಷಗಳ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆ ಐದು ವರ್ಷ ಮುಗಿದ ಮೇಲೆ ಹಳ್ಳಿಯಲ್ಲಿ ನವೀಕರಿಸುವವರು ಎಷ್ಟು ಮಂದಿ? ವಿಮೆಯಿಲ್ಲದ ಬೈಕು ಒಬ್ಬ ಪಾದಚಾರಿಗೆ ಡಿಕ್ಕಿ ಹೊಡೆದರೆ ನ್ಯಾಯಮಂಡಳಿ ವಿಧಿಸುವ ಪರಿಹಾರವನ್ನು ಮಾಲೀಕನೇ ತೆರಬೇಕು. ಹೊಲ ಮಾರುವ ಸ್ಥಿತಿ ಬರುವುದು ಹೀಗೆ. ಬರೀ ಥರ್ಡ್ ಪಾರ್ಟಿ ವಿಮೆ ಸಾಮಾನ್ಯವಾಗಿ ಹಿಂದೆ ಕುಳಿತವರಿಗೆ ಅನ್ವಯಿಸುವುದಿಲ್ಲ ಎಂಬುದೂ ಹಲವರಿಗೆ ತಿಳಿದಿಲ್ಲ. ಮಾಲೀಕ-ಚಾಲಕನಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇದೆ, ಆದರೆ ಅದಕ್ಕೆ ಚಾಲ್ತಿಯಲ್ಲಿರುವ ಲೈಸೆನ್ಸ್ ಬೇಕು.

ಹದಿನೈದು, ಹದಿನಾರರ ಮಗನ ಕೈಗೆ ಬೈಕು ಕೊಡುವ ಪಾಲಕರು ಒಂದು ಮಾತು ತಿಳಿದಿರಬೇಕು. ಗೇರ್ ಇರುವ ಬೈಕಿಗೆ 18 ವರ್ಷ ತುಂಬಲೇಬೇಕು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಕ ಅಪರಾಧ ಎಸಗಿದರೆ ಪಾಲಕ ಅಥವಾ ಮಾಲೀಕನಿಗೆ 25,000 ರೂಪಾಯಿ ದಂಡ ಹಾಗೂ 3 ವರ್ಷಗಳ ತನಕ ಜೈಲು. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ವಿಮಾ ಕಂಪೆನಿ ಪರಿಹಾರ ಕೊಟ್ಟರೂ ಆ ಹಣವನ್ನು ಮಾಲೀಕನಿಂದ ವಸೂಲು ಮಾಡಬಹುದು. ಮಗನ ಮೇಲಿನ ಪ್ರೀತಿಯಿಂದ ಕೊಟ್ಟ ಬೀಗದ ಕೈ ಇಡೀ ಮನೆಯನ್ನು ಬೀದಿಗೆ ತರಬಲ್ಲದು.

ಬಿದ್ದವರನ್ನು ಎತ್ತುವ ಭಯ

ಔರಾದ್‌ನ ಒಳಹಳ್ಳಿಯಲ್ಲಿ ಒಬ್ಬ ಬಿದ್ದರೆ ಬೀದರ್‌ನ ದೊಡ್ಡ ದವಾಖಾನೆ ತಲುಪಲು ಒಂದು ಗಂಟೆಯೇ ಬೇಕಾಗಬಹುದು. ಅಲ್ಲಿಂದ ಮುಂದೆ ಹೈದರಾಬಾದ್ ಎಂದರೆ ಮತ್ತೆ ಸುಮಾರು 140 ಕಿ.ಮೀ. ವೈದ್ಯರು ಹೇಳುವ ಮೊದಲ ಅಮೂಲ್ಯ ಗಂಟೆ ರಸ್ತೆಯಲ್ಲೇ ಕಳೆಯುತ್ತದೆ. ಆದುದರಿಂದ ಮೊದಲು ನೋಡಿದವರು ಏನು ಮಾಡುತ್ತಾರೆ ಎಂಬುದರ ಮೇಲೆ ಜೀವ ನಿಂತಿರುತ್ತದೆ.

2016ರ ಫೆಬ್ರವರಿಯಲ್ಲಿ ಊರಿನಲ್ಲಿ ಮತ ಹಾಕಿ ಬೈಕಿನಲ್ಲಿ ಬೆಂಗಳೂರಿಗೆ ಮರಳುತ್ತಿದ್ದ ಹರೀಶ್ ನಂಜಪ್ಪ ಎಂಬ ಯುವಕನಿಗೆ ನೆಲಮಂಗಲದ ಬಳಿ ಲಾರಿ ಡಿಕ್ಕಿಯಾಯಿತು. ದೇಹ ಛಿದ್ರವಾಗಿದ್ದರೂ ತನ್ನ ಅಂಗಾಂಗಗಳನ್ನು ದಾನ ಮಾಡಿರೆಂದು ಅವರು ಕೇಳಿಕೊಂಡರು. ಅವರ ಕಣ್ಣುಗಳು ದಾನವಾದವು. ಅದೇ ವರ್ಷ ರಾಜ್ಯ ಸರಕಾರ ಅವರ ಹೆಸರಿನಲ್ಲಿ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆಯನ್ನು ಆರಂಭಿಸಿ, ಅಪಘಾತವಾದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ನೆರವು ಘೋಷಿಸಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ಯೋಜನೆಯಂತೆ ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ.

ಆದರೂ ಜನ ಹಿಂಜರಿಯುತ್ತಾರೆ. ಪೊಲೀಸ್ ಠಾಣೆ, ಕೋರ್ಟು, ಸಾಕ್ಷಿ ಎಂಬ ಭಯ. ಈ ಭಯಕ್ಕೆ ಈಗ ಆಧಾರವಿಲ್ಲ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು ನೆರವಾಗುವವರ ರಕ್ಷಣೆಗೆ ಮಾರ್ಗಸೂಚಿಗಳನ್ನು ಎತ್ತಿಹಿಡಿಯಿತು. ಕರ್ನಾಟಕ ತನ್ನದೇ ಕಾನೂನನ್ನು 2016ರಲ್ಲಿ ರೂಪಿಸಿತು. 2019ರ ತಿದ್ದುಪಡಿಯಲ್ಲಿ ಈ ರಕ್ಷಣೆ ಕೇಂದ್ರ ಕಾಯ್ದೆಯ ಭಾಗವಾಯಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಹೆಸರು ಹೇಳುವಂತೆ ಒತ್ತಾಯಿಸುವಂತಿಲ್ಲ, ತಡೆದು ನಿಲ್ಲಿಸುವಂತಿಲ್ಲ, ಹಣ ಕೇಳುವಂತಿಲ್ಲ. ಜೀವ ಉಳಿಸಿದವರಿಗೆ ನೀಡುವ ಬಹುಮಾನವನ್ನು 2025ರಲ್ಲಿ 25,000 ರೂಪಾಯಿಗೆ ಏರಿಸಲಾಗಿದೆ. ಗಾಯಗೊಂಡು ದಾರಿಯಲ್ಲಿ ಬಿದ್ದವನನ್ನು ಕಂಡು ಪಕ್ಕದಿಂದ ಹಾದುಹೋದವರ ಕಥೆ ನಮ್ಮ ಓದುಗರಿಗೆ ಹೊಸತಲ್ಲ.

ಧರ್ಮಕೇಂದ್ರಗಳು ಏನು ಮಾಡಬಹುದು?

2007ರ ಜೂನ್‌ನಲ್ಲಿ ವ್ಯಾಟಿಕನ್ ರಸ್ತೆಯ ಪಾಲನಾ ಸೇವೆಯ ಕುರಿತು ಮಾರ್ಗದರ್ಶಿಯನ್ನು ಪ್ರಕಟಿಸಿ, ಚಾಲಕರಿಗಾಗಿ ಹತ್ತು ಕಟ್ಟಳೆಗಳನ್ನು ನೀಡಿತ್ತು. ಕೊಲ್ಲಬಾರದು ಎಂಬುದೇ ಅದರಲ್ಲೂ ಮೊದಲನೆಯದು. ರಸ್ತೆಯಲ್ಲಿ ನಾವು ನಡೆದುಕೊಳ್ಳುವ ರೀತಿಯೂ ಆತ್ಮಸಾಕ್ಷಿಯ ವಿಷಯವೆಂದು ಇದರರ್ಥ. ಭಾಷಣಗಳಿಗಿಂತ ಕೆಳಗಿನ ಚಿಕ್ಕ ಕೆಲಸಗಳು ಹೆಚ್ಚು ಫಲ ನೀಡಬಲ್ಲವು ಎಂದು ನಾವು ನಂಬುತ್ತೇವೆ.

1. ಸಂಸ್ಥೆಯ ಕೆಲಸಕ್ಕೆ ಬೈಕಿನಲ್ಲಿ ಹೋಗುವ ಪ್ರತಿಯೊಬ್ಬ ಕಾರ್ಯಕರ್ತನಿಗೆ ಐಎಸ್‌ಐ ಹೆಲ್ಮೆಟ್ ಒದಗಿಸುವುದು. ಲೈಸೆನ್ಸ್, ವಿಮೆಯ ದಿನಾಂಕವನ್ನು ಕಚೇರಿಯಲ್ಲಿ ಬರೆದಿಡುವುದು. ಕತ್ತಲಾದ ಮೇಲೆ ಮುಗಿಯುವ ಸಭೆಗಳನ್ನು ಹಗಲಿಗೆ ಬದಲಿಸುವುದು.

2. ಕಬ್ಬಿನ ಹಂಗಾಮು ಆರಂಭವಾಗುವ ಮುನ್ನ ಯುವಜನರು ಹಳ್ಳಿಯ ಟ್ರೇಲರ್, ಎತ್ತಿನ ಗಾಡಿಗಳಿಗೆ ರಿಫ್ಲೆಕ್ಟರ್ ಪಟ್ಟಿ ಹಚ್ಚುವುದು. ಇದಕ್ಕೆ ಜಾತಿ, ಮತದ ಭೇದ ಬೇಡ. ಕತ್ತಲಲ್ಲಿ ಬರುವ ಸವಾರ ಯಾವ ಮತದವನೆಂದು ಟ್ರೇಲರ್ ಕೇಳುವುದಿಲ್ಲ.

3. ರಾಶಿ ಮಾಡಲು ಸಾಮೂಹಿಕ ಕಣ ಬೇಕೆಂದು ಗ್ರಾಮ ಪಂಚಾಯಿತಿಗೆ ಮನವಿ ಕೊಡುವುದು. ಬೇರೆ ಜಾಗ ತೋರಿಸದೆ ರಸ್ತೆಯಲ್ಲಿ ಒಣಗಿಸಬೇಡ ಎಂದು ರೈತನಿಗೆ ಹೇಳುವುದು ನ್ಯಾಯವಲ್ಲ. ಅಲ್ಲಿಯವರೆಗೆ ಕಲ್ಲುಗಳನ್ನಾದರೂ ಸಂಜೆ ತೆಗೆಯಲು ಕೇಳಿಕೊಳ್ಳಬಹುದು.

4. ಊರ ಮುಂದಿನ ಸ್ಪೀಡ್ ಬ್ರೇಕರ್‌ಗಳಿಗೆ ಬಿಳಿ ಬಣ್ಣ, ಕವಲು ದಾರಿಗಳಿಗೆ ದೀಪ ಬೇಕೆಂದು ಲೋಕೋಪಯೋಗಿ ಇಲಾಖೆಗೆ ಲಿಖಿತವಾಗಿ ತಿಳಿಸುವುದು. ಬಣ್ಣವಿಲ್ಲದ ಹಂಪ್ ಸವಾರನ ಪಾಲಿಗೆ ಗುಂಡಿಯಷ್ಟೇ ಅಪಾಯ.

5. ರಕ್ತಸ್ರಾವ ತಡೆಯುವುದು, ಬೆನ್ನು ಕತ್ತನ್ನು ಅಲುಗಿಸದೆ ಎತ್ತುವುದು, 108ಕ್ಕೆ ಕರೆ ಮಾಡಿ ಸ್ಥಳ ಸರಿಯಾಗಿ ಹೇಳುವುದು: ಇಷ್ಟನ್ನು ನರ್ಸಿಂಗ್ ಸೇವೆಯಲ್ಲಿರುವ ಧರ್ಮಭಗಿನಿಯರು ಒಂದು ಭಾನುವಾರ ಕಲಿಸಬಹುದು.

6. ಪ್ರತಿ ವರ್ಷ ನವೆಂಬರ್‌ನ ಮೂರನೆಯ ಭಾನುವಾರ ರಸ್ತೆ ಅಪಘಾತಕ್ಕೆ ಬಲಿಯಾದವರ ವಿಶ್ವ ಸ್ಮರಣೆಯ ದಿನ. ಊರಿನಲ್ಲಿ ಹೀಗೆ ಮಡಿದವರ ಮನೆಯವರನ್ನು ಅಂದು ಕರೆದು ಮಾತನಾಡಿಸುವುದು. ಪರಿಹಾರದ ಅರ್ಜಿ ಹಾಕದವರಿದ್ದರೆ ತಡಮಾಡದೆ ನೆರವಾಗುವುದು. ಡಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದರೂ ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50,000 ರೂಪಾಯಿ ಪರಿಹಾರ 2022ರ ಏಪ್ರಿಲ್‌ನಿಂದ ಇದೆ ಎಂಬುದು ಅನೇಕ ವಿಧವೆಯರಿಗೆ ಗೊತ್ತಿಲ್ಲ.

ಕೊನೆಯದಾಗಿ ಒಂದು ಮಾತು. ಬೀದರ್ ಸೀಮೆಯ ಜನರಿಗೆ ಬೈಕು ಮೋಜಿನ ವಸ್ತುವಲ್ಲ. ಬಸ್ಸು ಬಾರದ ಊರಿಗೆ ಅದೇ ಬಸ್ಸು, ದವಾಖಾನೆಗೆ ಅದೇ ಅಂಬುಲೆನ್ಸ್, ಹೊಲಕ್ಕೆ ಅದೇ ಬಂಡಿ. ಬೈಕು ಬಿಡಿ ಎಂದು ಅವರಿಗೆ ಹೇಳಲಾಗದು. ನಿಧಾನವಾಗಿ ಹೋಗಿ ಎಂದು ಹೇಳಿ ಸುಮ್ಮನಾಗುವುದೂ ಸಾಲದು. ಸವಾರ ತನ್ನ ದೀಪದ ಅಳತೆಯೊಳಗೆ ಓಡಿಸಲಿ, ಟ್ರ್ಯಾಕ್ಟರ್‌ನವನು ತನ್ನ ಟ್ರೇಲರ್ ಕಾಣುವಂತೆ ಮಾಡಲಿ, ಪಂಚಾಯಿತಿ ಕಣ ಕಟ್ಟಿಸಲಿ, ಇಲಾಖೆ ಬಣ್ಣ ಬಳಿಯಲಿ, ದಾರಿಹೋಕ ಬಿದ್ದವನನ್ನು ಎತ್ತಲಿ. ಎಲ್ಲರೂ ತಂತಮ್ಮ ಪಾಲನ್ನು ಮಾಡಿದರೆ ಮಾತ್ರ ಸಂಜೆ ಮನೆ ಬಾಗಿಲಲ್ಲಿ ಕಾಯುವವರ ಕಣ್ಣಿಗೆ ಆ ಬೈಕಿನ ಬೆಳಕು ಕಂಡೀತು.